ಅಭಯವೂ ಕ್ಷಮೆಯೂ

ಒಬ್ಬ ಮನುಷ್ಯನ ಪ್ರಾಣವನ್ನು ಇನ್ನೊಬ್ಬನು ತೆಗೆದರೆ ಅದನ್ನು ಕೊಲೆಯೆನ್ನುತ್ತೇವೆ. ಅದೇ ಕಾರ್ಯವನ್ನು ರಾಜ್ಯವು ಮಾಡಿದರೆ ದಂಡನೆಯೆನ್ನುತ್ತೇವೆ. ಇವೆರಡಕ್ಕೂ ಭೇದವೇ ಇಲ್ಲವೆಂದು ನಾನು ಹೇಳಹೊರಟಿಲ್ಲ. ಕೊಲೆಗಾರನು ಯಾರ ಮಾತನ್ನೂ ಕೇಳುವುದಿಲ್ಲ; ರಾಜ್ಯವು ಸಾಕ್ಷಿಗಳನ್ನು ಕೇಳುತ್ತದೆ, ಆರೋಪಿಯ ವಾದವನ್ನೂ ಕೇಳುತ್ತದೆ, ಮೇಲಿನ ನ್ಯಾಯಸ್ಥಾನಕ್ಕೆ ಹೋಗುವುದಕ್ಕೆ ಅವಕಾಶವನ್ನು ಕೊಡುತ್ತದೆ. ಭೇದವೇನೋ ಉಂಟು. ಆದರೆ ಆ ಭೇದವು ಒಂದು ಪ್ರಾಣವನ್ನು ತೆಗೆಯುವುದಕ್ಕೆ ಸಾಕಾಗುವಷ್ಟು ದೊಡ್ಡದೆ ಎಂಬುದು ಪ್ರಶ್ನೆ. ಈ ಪ್ರಶ್ನೆಯನ್ನು ಶಾಸ್ತ್ರವಾಕ್ಯಗಳಿಂದ ಮಾತ್ರ ನಿರ್ಣಯಿಸಲಾಗದು. ನಮ್ಮ ಸೀಮೆಯಲ್ಲಿಯೇ ನಡೆದ ಒಂದು ಪ್ರಕರಣವನ್ನು ಮುಂದಿಟ್ಟುಕೊಂಡು ಅದನ್ನು ವಿಚಾರಮಾಡುವುದು ಲೇಸೆಂದು ತೋರುತ್ತದೆ.

ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಗಳ ಜನರಿಗೆ ಕಾಡು ಹೊಸದಲ್ಲ. ಕಾಡಂಚಿನ ಊರುಗಳಲ್ಲಿ ಬಾಳುವವರಿಗೆ ಭಯವೆಂಬುದೂ ಹೊಸದಲ್ಲ. ಇದೇ ಮೈಸೂರು ಜಿಲ್ಲೆಗೆ ಅಂದು ಸೇರಿದ್ದು, 1997ರಲ್ಲಿ ಚಾಮರಾಜನಗರ ಜಿಲ್ಲೆಯ ಪಾಲಾದ ಕೊಳ್ಳೇಗಾಲದ ಕಡೆಯ ಕಾಡುಗಳಲ್ಲಿ ಒಬ್ಬ ದಂತಚೋರನು ಎರಡು ರಾಜ್ಯಗಳ ಸರ್ಕಾರಗಳನ್ನು ಅನೇಕ ವರ್ಷಗಳ ಕಾಲ ಕಂಗೆಡಿಸಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ವೀರಪ್ಪನ್ ಎಂಬ ಆ ಹೆಸರನ್ನು ಕೇಳಿದರೆ ಮಕ್ಕಳು ಅಳು ನಿಲ್ಲಿಸುತ್ತಿದ್ದ ಕಾಲವೊಂದಿತ್ತು. 1993ರ ಏಪ್ರಿಲ್ 9ರಂದು, ಮಲೆಯ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ, ತಮಿಳುನಾಡಿನ ಗಡಿಗೆ ಸಮೀಪವಾದ ಪಾಲಾರ್ ಎಂಬಲ್ಲಿ, ಅವನನ್ನು ಹುಡುಕಿಕೊಂಡು ಹೊರಟಿದ್ದ ತಂಡದ ವಾಹನಗಳ ಕೆಳಗೆ ನೆಲದಲ್ಲಿ ಹುದುಗಿಸಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿತು. 22 ಮಂದಿ ಸತ್ತರು. ಪೋಲೀಸಿನವರೂ ಅವರ ಜೊತೆಗೆ ಹೋಗಿದ್ದ ಸಾಮಾನ್ಯರೂ ಅವರಲ್ಲಿದ್ದರು. ಇದು ಘೋರಕೃತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಮುಂದೆ ನಾನು ಹೇಳತಕ್ಕ ಯಾವ ಮಾತೂ ಈ 22 ಮನೆಗಳ ದುಃಖವನ್ನು ಹಗುರಮಾಡುವ ಉದ್ದೇಶದ್ದಲ್ಲವೆಂದು ವಾಚಕರು ಭಾವಿಸಬೇಕು.

ಈ ಕೃತ್ಯಕ್ಕಾಗಿ ಮೊಕದ್ದಮೆ ನಡೆದದ್ದು ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ, ಟಾಡಾ ಎಂದು ಹೆಸರಾಗಿದ್ದ ಭಯೋತ್ಪಾದನೆಯ ಕಾನೂನಿನ ಮೇರೆಗೆ. ಪೋಲೀಸ್ ಮೇಲಧಿಕಾರಿಯ ಮುಂದೆ ಆರೋಪಿಯು ಕೊಟ್ಟ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯವಾಗಿ ಎಣಿಸಲು ಆ ಕಾನೂನು ಎಡೆಗೊಟ್ಟಿತ್ತು. 1995ರಲ್ಲಿ ಅದರ ಅವಧಿ ತೀರಿತು. ಮುಂದುವರಿಸುವುದು ಬೇಡವೆಂದು ದೇಶವು ಅದನ್ನು ಬಿಟ್ಟುಕೊಟ್ಟಿತು. ಆದರೆ ಅದರಡಿಯಲ್ಲಿ ಮೊದಲಾಗಿದ್ದ ಮೊಕದ್ದಮೆಗಳು ನಡೆಯುತ್ತಲೇ ಇದ್ದವು. 2001ರಲ್ಲಿ ಮೈಸೂರಿನ ನ್ಯಾಯಾಧೀಶರು ಸೈಮನ್, ಜ್ಞಾನಪ್ರಕಾಶ್, ಮೀಸೆಕಾರ ಮಾದಯ್ಯ, ಬಿಲವೇಂದ್ರನ್ ಎಂಬ ನಾಲ್ವರಿಗೆ ಆಜೀವ ಕಾರಾವಾಸವನ್ನು ವಿಧಿಸಿದರು. ತಮ್ಮ ಶಿಕ್ಷೆಯನ್ನು ತಪ್ಪಿಸಬೇಕೆಂದು ಬೇಡಿಕೊಂಡು ಅವರು ಸುಪ್ರೀಂ ಕೋರ್ಟಿಗೆ ಹೋದರು. 2004ರ ಜನವರಿ 29ರಂದು ಆ ಕೋರ್ಟು, ಅಪರಾಧದ ಘೋರತೆಗೆ ಆಜೀವ ಕಾರಾವಾಸವು ಸಾಲದೆಂದು ತಾನಾಗಿಯೇ ಎಣಿಸಿ, ನಾಲ್ವರಿಗೂ ಮರಣದಂಡನೆಯನ್ನು ವಿಧಿಸಿತು. ನೆರಳನ್ನರಸಿ ಹೋದವರ ಮೇಲೆ ಮರವೇ ಮುರಿದು ಬಿದ್ದಂತಾಯಿತು.

ಆ ವರ್ಷವೇ ಅವರು ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅರ್ಜಿಯನ್ನು ಬರೆದುಕೊಂಡರು. ಉತ್ತರ ಬಂದದ್ದು 2013ರ ಫೆಬ್ರವರಿಯಲ್ಲಿ, ಅರ್ಜಿ ತಿರಸ್ಕೃತವಾಗಿತ್ತು. ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ ನೇಣಿನ ಮಾತು ನಡೆಯಹತ್ತಿತು. ಆಗ ಕೆಲವರು ವಕೀಲರು ಓಡಾಡಿ ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆಯನ್ನು ತಂದರು. 2014ರ ಜನವರಿ 21ರಂದು, ಅದೇ ಕೋರ್ಟು ಈ ನಾಲ್ವರನ್ನೂ ಒಳಗೊಂಡು ದೇಶದ 15 ಮಂದಿಯ ಮರಣದಂಡನೆಯನ್ನು ಆಜೀವ ಕಾರಾವಾಸಕ್ಕೆ ಇಳಿಸಿತು. ಅರ್ಜಿಯನ್ನು ಕಾರಣವಿಲ್ಲದೆ ವರ್ಷಗಟ್ಟಲೆ ಇಟ್ಟುಕೊಂಡು ಒಬ್ಬನನ್ನು ದಿನದಿನವೂ ಸಾವಿನ ಬಾಗಿಲಲ್ಲಿ ನಿಲ್ಲಿಸುವುದು ಸಂವಿಧಾನಕ್ಕೆ ವಿರುದ್ಧವೆಂಬುದೂ, ಭಯೋತ್ಪಾದನೆಯ ಅಪರಾಧವಾದರೂ ಈ ನಿಯಮಕ್ಕೆ ಹೊರತಲ್ಲವೆಂಬುದೂ ಆ ತೀರ್ಪಿನ ಸಾರ. ಅರ್ಜಿ ತಿರಸ್ಕೃತವಾದ ಸುದ್ದಿಯನ್ನು ಬಂದಿಗೂ ಅವನ ಮನೆಯವರಿಗೂ ತಿಳಿಸಿ ಕಡಮೆಯೆಂದರೆ 14 ದಿನಗಳ ಅವಕಾಶವನ್ನು ಕೊಡಬೇಕೆಂದೂ ಅದೇ ತೀರ್ಪು ವಿಧಿಸಿತು.

ಈ ವೃತ್ತಾಂತದಿಂದ ಮೊದಲು ಕಾಣುವುದು ಇಷ್ಟು. ಕೃತ್ಯವು ಒಂದೇ, ಮಾಡಿದರೆಂದು ನಿರ್ಣಯವಾದ ಮನುಷ್ಯರೂ ಅವರೇ, ಕಡತದಲ್ಲಿನ ಸಾಕ್ಷ್ಯವೂ ಅದೇ. 2001ರಲ್ಲಿ ಅವರು ಬದುಕಿರಬಹುದಾಗಿತ್ತು. 2004ರಲ್ಲಿ ಅವರು ಸಾಯಬೇಕಾಯಿತು. 2013ರ ಫೆಬ್ರವರಿಯಲ್ಲಿ ಇನ್ನು ಕೆಲವು ದಿನಗಳಲ್ಲಿ ಸಾಯುವವರಾಗಿದ್ದರು. 2014ರಲ್ಲಿ ಮತ್ತೆ ಬದುಕಿರಬಹುದಾಯಿತು. ಆಯಾ ಕಾಲದಲ್ಲಿ ತೀರ್ಮಾನ ಮಾಡಿದವರು ಯಾರೂ ಅವಿವೇಕಿಗಳಲ್ಲ. ಎಲ್ಲರೂ ವಿದ್ಯಾವಂತರು, ಅನುಭವಶಾಲಿಗಳು. ಸಾಕ್ಷಿಗಳ ಮುಖವನ್ನು ಎದುರಿಗೆ ನೋಡಿದ ನ್ಯಾಯಾಧೀಶರು ಕಾರಾವಾಸವೇ ಸಾಕೆಂದರು. ಮುಖವನ್ನು ನೋಡದೆ ಕಾಗದವನ್ನು ಓದಿದವರು ಸಾಲದೆಂದರು. 1980ರಲ್ಲಿ ಸುಪ್ರೀಂ ಕೋರ್ಟು, ಅಪರೂಪದಲ್ಲಿ ಅಪರೂಪವಾದ ಪ್ರಕರಣಕ್ಕೆ ಮಾತ್ರ ಮರಣದಂಡನೆಯೆಂಬ ಅಳತೆಗೋಲನ್ನು ಕೊಟ್ಟಿತು. ಆದರೆ ಕೋಲು ಒಂದೇ ಆದರೂ ಅಳೆಯುವ ಕೈಗಳು ಬೇರೆಬೇರೆ. ಬೇರೆ ಶಿಕ್ಷೆಗಳಲ್ಲಿ ಈ ಅಭಿಪ್ರಾಯಭೇದವನ್ನು ಸಹಿಸಿಕೊಳ್ಳಬಹುದು. ಎರಡು ವರ್ಷ ಹೆಚ್ಚಾದರೆ ಆಮೇಲೆ ಕಡಮೆಮಾಡಬಹುದು. ಪ್ರಾಣದ ವಿಷಯದಲ್ಲಿ ಹಾಗೆ ಮಾಡುವಂತಿಲ್ಲ. ನಾಲ್ವರ ನೇಣು 2013ರಲ್ಲಿಯೇ ಮುಗಿದಿದ್ದರೆ 2014ರ ತೀರ್ಪನ್ನು ಯಾರಿಗೆ ಓದಿ ಹೇಳಬೇಕಾಗಿತ್ತು?

ಇದಕ್ಕಿಂತಲೂ ಆಳವಾದ ಇನ್ನೊಂದು ಸಂಗತಿ ಈ ಪ್ರಕರಣದಲ್ಲಿ ಅಡಗಿದೆ. ಅದನ್ನು ಕಾಣಬೇಕಾದರೆ 2000ಕ್ಕೆ ಹೋಗಬೇಕು. ಆ ವರ್ಷದ ಜುಲೈ 30ರಂದು ಗಾಜನೂರಿನ ಮನೆಯಿಂದ ಡಾ. ರಾಜಕುಮಾರರನ್ನು ವೀರಪ್ಪನ್ ಎತ್ತಿಕೊಂಡು ಹೋದನು. 108 ದಿನ ಕರ್ಣಾಟಕವು ಉಸಿರು ಬಿಗಿಹಿಡಿದು ಕುಳಿತಿತ್ತು. ಅವನು ಮುಂದಿಟ್ಟ ಬೇಡಿಕೆಗಳಲ್ಲಿ ಮೈಸೂರಿನ ಸೆರೆಯಲ್ಲಿದ್ದ ಟಾಡಾ ಕೈದಿಗಳ ಬಿಡುಗಡೆಯೂ ಒಂದು. ಸರ್ಕಾರದವರು ಅವರ ಮೇಲಿನ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಮುಂದಾದರು. ಅದನ್ನು ತಡೆದವರು ಅಬ್ದುಲ್ ಕರೀಂ ಎಂಬ ವೃದ್ಧ ತಂದೆ. 1992ರಲ್ಲಿ ವೀರಪ್ಪನ್‌ನ ಗುಂಪಿನಿಂದ ಹತನಾದ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದನ ತಂದೆಯವರು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2000ದ ನವೆಂಬರಿನಲ್ಲಿ ಕೋರ್ಟು ಅವರ ಮಾತನ್ನೇ ಎತ್ತಿಹಿಡಿಯಿತು. ಆ ತೀರ್ಪು ಯುಕ್ತವಾದದ್ದೆಂದೇ ನನ್ನ ಅಭಿಪ್ರಾಯ. ಕಾಡಿನಿಂದ ಬಂದ ಬೆದರಿಕೆಗೆ ಹೆದರಿ ಸೆರೆಯ ಬಾಗಿಲನ್ನು ತೆರೆಯುವುದು ಕ್ಷಮೆಯಲ್ಲ; ಅದು ಭೀತಿ ಕಟ್ಟುವ ಕಪ್ಪ.

ಈಗ 2013ನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ವೀರಪ್ಪನ್ 2004ರ ಅಕ್ಟೋಬರ್ 18ರಂದೇ ಸತ್ತಿದ್ದನು. ಅವನ ಗುಂಪು ಚದರಿಹೋಗಿತ್ತು. ಕಾಡು ಶಾಂತವಾಗಿತ್ತು. ನಾಲ್ವರು ಬಂದಿಗಳು ಇಪ್ಪತ್ತು ವರ್ಷಗಳಷ್ಟು ಕಾಲ ಗೋಡೆಯ ಹಿಂದಿದ್ದು ಮುದುಕರಾಗುತ್ತಿದ್ದರು. ಅವರಿಂದ ಯಾರಿಗೂ ಯಾವ ಭಯವೂ ಉಳಿದಿರಲಿಲ್ಲ. ಆಗ ರಾಜ್ಯಕ್ಕೆ ಹಗ್ಗದ ನೆನಪಾಯಿತು. ಭಯವು ಬಲವಾಗಿದ್ದಾಗ ಬಿಡಲು ಸಿದ್ಧರಾದೆವು. ಭಯವು ತೀರಿಹೋದ ಮೇಲೆ ಕೊಲ್ಲಲು ಸಿದ್ಧರಾದೆವು. ಇವೆರಡೂ ಒಂದಕ್ಕೊಂದು ವಿರುದ್ಧವಾದ ನಡತೆಗಳಂತೆ ತೋರುತ್ತವೆ. ವಿಚಾರಿಸಿ ನೋಡಿದರೆ ಎರಡರ ಬೇರೂ ಒಂದೇ. ಭಯಪಟ್ಟವನು ಎದುರಾಳಿ ಬಲವಾಗಿದ್ದಾಗ ಬಾಗುತ್ತಾನೆ, ಅವನು ಬಿದ್ದಮೇಲೆ ತುಳಿಯುತ್ತಾನೆ. ಧೀರನ ನಡತೆ ಇದಕ್ಕೆ ತಿರುಗುಮುರುಗು: ಬೆದರಿಕೆಯ ಮುಂದೆ ಅವನು ಬಾಗುವುದಿಲ್ಲ, ಬಿದ್ದವನ ಮೇಲೆ ಕೈಯೆತ್ತುವುದಿಲ್ಲ. ಅಭಯವಿಲ್ಲದವನಿಗೆ ಕ್ಷಮೆಯು ಸಾಧ್ಯವಿಲ್ಲ. ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯವಾದ ಮಾತು ಇದೊಂದೇ.

ಭಯವು ರಾಜ್ಯವನ್ನು ಎಲ್ಲಿಯವರೆಗೆ ಒಯ್ಯಬಲ್ಲದೆಂಬುದಕ್ಕೆ ಅದೇ ಕಾಡಿನಲ್ಲಿ ಬೇರೆ ಸಾಕ್ಷ್ಯವೂ ಉಂಟು. ವೀರಪ್ಪನ್‌ನನ್ನು ಹಿಡಿಯಲು ನೇಮಕವಾದ ಎರಡು ರಾಜ್ಯಗಳ ವಿಶೇಷ ಪಡೆಗಳ ಮೇಲೆ ಹಳ್ಳಿಗರೂ ಸೋಲಿಗರೂ ಹೊರಿಸಿದ ದೂರುಗಳನ್ನು ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಮಂದಿಗೆ ಪರಿಹಾರಧನವನ್ನು ಕೊಡಬೇಕೆಂದು ಹೇಳಿತು. ಕಾಡಿನವನಿಗೂ ಹೆದರಿ, ಅವನನ್ನು ಹುಡುಕಿ ಬಂದವರಿಗೂ ಹೆದರಿ ಬಾಳಿದ ಬಡವರ ಕಥೆ ಅದು. ಭಯವು ನ್ಯಾಯಾಸನದ ಬಳಿಯಲ್ಲಿ ಸುಳಿದಾಡಿದರೆ ಎಷ್ಟು ಎಚ್ಚರವಾಗಿರಬೇಕೆಂಬುದನ್ನು ಇದರಿಂದ ತಿಳಿಯಬಹುದು.

ನಮ್ಮ ಹಿಂದಿನವರು ಈ ವಿಷಯವನ್ನು ಕುರಿತು ಚಿಂತಿಸದೆ ಇರಲಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ದ್ಯುಮತ್ಸೇನನಿಗೂ ಅವನ ಮಗ ಸತ್ಯವಂತನಿಗೂ ನಡೆದ ಸಂವಾದವೊಂದಿದೆ. ತಂದೆಯ ಅಪ್ಪಣೆಯಂತೆ ಅಪರಾಧಿಗಳನ್ನು ವಧೆಗೆ ಒಯ್ಯುವಾಗ ಮಗನು ಅಡ್ಡಬಂದು ಕೇಳುತ್ತಾನೆ: ಒಬ್ಬ ಕಳ್ಳನನ್ನು ಕೊಂದರೆ ಏನೂ ತಪ್ಪುಮಾಡದ ಅವನ ತಾಯಿತಂದೆಗಳನ್ನೂ ಹೆಂಡತಿಮಕ್ಕಳನ್ನೂ ಕೊಂದಂತಾಗುವುದಿಲ್ಲವೆ? ದುಷ್ಟನು ಸಾಧುಗಳ ಸಹವಾಸದಿಂದ ಒಳ್ಳೆಯವನಾಗುವುದು ಉಂಟಲ್ಲವೆ? ದ್ಯುಮತ್ಸೇನನ ಉತ್ತರವೂ ತೂಕವಾದದ್ದೇ: ಹಿಂದಿನ ಕಾಲದ ಜನಕ್ಕೆ ಛೀಮಾರಿಯೇ ಸಾಕಾಗುತ್ತಿತ್ತು, ಈಗಿನವರಿಗೆ ಸಾಲದು ಎಂಬುದು. ಪ್ರತಿಯೊಂದು ತಲೆಮಾರೂ ತನ್ನ ಕಾಲವೇ ಅತ್ಯಂತ ಕೆಟ್ಟದ್ದೆಂದು ಭಾವಿಸಿ ಹಗ್ಗವನ್ನು ಸಮರ್ಥಿಸಿಕೊಂಡು ಬಂದಿರುವುದನ್ನು ನೋಡಿದರೆ, ದ್ಯುಮತ್ಸೇನನ ವಾದವು ಎಂದೂ ಹಳತಾಗುವುದಿಲ್ಲ. ಅದೇ ಅದರ ದೋಷ.

ಕನ್ನಡದಲ್ಲಿ ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯನ್ನು ನೆನೆಯಬಹುದು. ಅದರಲ್ಲಿ ರಾಜನು ಬಲಿಕೊಟ್ಟದ್ದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲಬೇಕೆಂಬ ಸಂಕಲ್ಪವೇ ಹಿಂಸೆಯಾಗಿ ತಾಯಿಮಕ್ಕಳನ್ನು ಜನ್ಮಜನ್ಮಾಂತರಗಳಲ್ಲಿ ಅಲೆಸಿತು. ಕೋಪದ ಭರದಲ್ಲಿ ನಡೆಯುವ ಕೊಲೆಗಳು ಎಷ್ಟೋ ಉಂಟು. ದಿನವನ್ನು ಗೊತ್ತುಮಾಡಿ, ಮನುಷ್ಯನನ್ನು ತೂಗಿ, ಹಗ್ಗದ ಉದ್ದವನ್ನು ಲೆಕ್ಕಹಾಕಿ, ವೈದ್ಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಡೆಸುವ ಮರಣದಂಡನೆಯಷ್ಟು ಪೂರ್ಣವಾದ ಸಂಕಲ್ಪಹಿಂಸೆ ಇನ್ನೊಂದಿಲ್ಲ. ಅದೇ ಕಾವ್ಯದಲ್ಲಿ ಬಲಿಗೆಂದು ಹಿಡಿದು ತಂದ ಇಬ್ಬರು ಮಕ್ಕಳು ಹೆದರದೆ ನಿಂತು ತಮ್ಮ ಕಥೆಯನ್ನು ಹೇಳುತ್ತಾರೆ. ಮಾರಿದತ್ತ ರಾಜನು ಕತ್ತಿಯನ್ನು ಕೆಳಗಿಡುತ್ತಾನೆ. ಆ ಮಕ್ಕಳ ಹೆಸರುಗಳು ಅಭಯರುಚಿ, ಅಭಯಮತಿ. ಕ್ಷಮಾದಾನದ ಅರ್ಜಿಯೆಂಬುದು ಇದಕ್ಕಿಂತ ಬೇರೆಯೇನು? ಬಂದಿಯು ತನ್ನ ಕಥೆಯನ್ನು ಹೇಳಿಕೊಳ್ಳುತ್ತಾನೆ. ಕತ್ತಿ ಹಿಡಿದವನು ಕಿವಿಗೊಡಬೇಕು.

ಇನ್ನು ಪ್ರತಿವಾದಗಳನ್ನು ನೋಡೋಣ. ಕ್ಷಮೆಯನ್ನು ಕೊಂಡಾಡುವವರು ಹತರಾದವರನ್ನು ಮರೆಯುತ್ತಾರೆಂಬುದು ಮೊದಲನೆಯದು. ಇದು ಕಡೆಗಣಿಸತಕ್ಕ ಮಾತಲ್ಲ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ಗೋಪಿನಾಥಂ ಹಳ್ಳಿಗರಿಗೆ ಬೇಕಾದವರಾಗಿ, ವೀರಪ್ಪನ್ ಶರಣಾಗುವನೆಂಬ ಮಾತನ್ನು ನಂಬಿ ಆಯುಧವಿಲ್ಲದೆ ಕಾಡಿಗೆ ಹೋದರು. 1991ರ ನವೆಂಬರ್ 10ರಂದು ಅವರ ತಲೆಯನ್ನು ಕಡಿದರು. ದಯೆಯ ಫಲ ಇದಾದರೆ ದಯೆಯೇಕೆ ಎಂದು ಕೇಳುವವರುಂಟು. ಆದರೆ ಶ್ರೀನಿವಾಸ್ ಅವರನ್ನು ಆ ಹಳ್ಳಿಗರು ಇಂದಿಗೂ ನೆನೆಯುವುದು ಯಾವುದಕ್ಕಾಗಿ? ಅವರು ನಂಬಿದ್ದಕ್ಕಾಗಿ. ಅವರ ಹೆಸರಿನಲ್ಲಿ ಇನ್ನೊಬ್ಬರನ್ನು ನೇಣಿಗೆ ಹಾಕಿದರೆ ಅವರನ್ನು ಕೊಂದವನ ಮತವನ್ನು ನಾವು ಒಪ್ಪಿಕೊಂಡಂತಾಗುತ್ತದೆಯೇ ಹೊರತು ಅವರ ಮತವನ್ನಲ್ಲ. ಹತರಾದವರ ಮನೆಗಳಿಗೆ ನಾವು ತೀರಿಸಬೇಕಾದ ಋಣ ದೊಡ್ಡದು: ವಿಧವೆಗೆ ಜೀವನ, ಮಕ್ಕಳಿಗೆ ವಿದ್ಯೆ, ಬೇಗ ಮುಗಿಯುವ ವಿಚಾರಣೆ, ಸತ್ಯದ ನಿರ್ಣಯ. ಇವನ್ನೆಲ್ಲ ಕೊಡಲು ಹಿಂಜರಿದು ಒಂದು ಶವವನ್ನು ಕೊಟ್ಟರೆ ಋಣ ತೀರುವುದೆ?

ಕೊಲ್ಲದೆ ಬಿಟ್ಟರೆ ಸಮಾಜಕ್ಕೆ ಅಪಾಯವೆಂಬುದು ಎರಡನೆಯ ವಾದ. ಇದಕ್ಕೆ ಉತ್ತರವೂ ನಮ್ಮ ರಾಜ್ಯದಿಂದಲೇ ಹೊರಟಿತು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳಾದ ಶಾಕೆರೆ ಖಲೀಲಿಯವರನ್ನು ಕೊಂದ ಶ್ರದ್ಧಾನಂದನೆಂಬವನಿಗೆ ಬೆಂಗಳೂರಿನಲ್ಲಿ ಮರಣದಂಡನೆಯಾಗಿತ್ತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ದಂಡನೆಯ ವಿಷಯವಾಗಿ ಅಭಿಪ್ರಾಯಭೇದ ಹುಟ್ಟಿತು. 2008ರ ಜುಲೈಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ನೇಣನ್ನು ತೆಗೆದು, ಜೀವವಿರುವವರೆಗೆ ಸೆರೆಯಿಂದ ಹೊರಬರಕೂಡದೆಂದು ವಿಧಿಸಿತು. ಆ ಶಿಕ್ಷೆಯ ಕಾಠಿನ್ಯವು ಅತಿಯಾಯಿತೆ ಎಂಬುದು ಬೇರೆ ವಿಚಾರ. ಸಮಾಜದ ರಕ್ಷಣೆಗೆ ಗೋಡೆಯೇ ಸಾಕು, ಹಗ್ಗ ಬೇಕಾಗಿಲ್ಲ ಎಂಬುದು ಅದರಿಂದ ಸಿದ್ಧವಾಯಿತು.

ನೇಣಿನ ಭಯದಿಂದ ಅಪರಾಧವು ಕಡಮೆಯಾಗುವುದೆಂಬುದು ಮೂರನೆಯದು. 2015ರಲ್ಲಿ ನ್ಯಾಯಮೂರ್ತಿ ಎ. ಪಿ. ಶಾ ಅವರ ಅಧ್ಯಕ್ಷತೆಯ ಕಾನೂನು ಆಯೋಗವು ತನ್ನ 262ನೆಯ ವರದಿಯಲ್ಲಿ, ಆಜೀವ ಕಾರಾವಾಸಕ್ಕಿಂತ ಹೆಚ್ಚಾಗಿ ಮರಣದಂಡನೆಯು ಅಪರಾಧವನ್ನು ತಡೆಯುವುದೆಂದು ತೋರಿಬಂದಿಲ್ಲವೆಂದು ಹೇಳಿ, ಅದನ್ನು ತೆಗೆಯಬೇಕೆಂದು ಸಲಹೆಮಾಡಿತು. ಭಯೋತ್ಪಾದನೆ ಮತ್ತು ದೇಶದ ಮೇಲಿನ ಯುದ್ಧ ಇವೆರಡನ್ನು ಮಾತ್ರ ಅದು ಹೊರತಾಗಿಟ್ಟಿತು. ನನ್ನ ಅಲ್ಪಮತಿಗೆ ಈ ಹೊರತೇ ವಿಚಿತ್ರವಾಗಿ ಕಾಣುತ್ತದೆ. ತಾನು ಸಾಯಲೂ ಸಿದ್ಧನಾಗಿ ಹೊರಟವನನ್ನು ಸಾವಿನಿಂದ ಹೆದರಿಸಲಾಗದೆಂಬುದು ಸ್ಪಷ್ಟ. ಹಾಗಿದ್ದೂ ಅವನ ಮಟ್ಟಿಗೆ ಹಗ್ಗವನ್ನು ಉಳಿಸಿಕೊಳ್ಳುವುದು ಅವನನ್ನು ಹೆದರಿಸುವುದಕ್ಕಲ್ಲ, ನಾವು ಹೆದರಿದ್ದೇವೆಂಬುದಕ್ಕೆ.

ಕ್ಷಮಾದಾನವು ನ್ಯಾಯವನ್ನು ಕೆಡಿಸುವುದೆಂಬ ವಾದವೂ ಉಂಟು. ಸಂವಿಧಾನವನ್ನು ಬರೆದವರು ಹಾಗೆ ಎಣಿಸಲಿಲ್ಲ. 72ನೆಯ ಅನುಚ್ಛೇದದಲ್ಲಿ ರಾಷ್ಟ್ರಪತಿಗಳಿಗೂ 161ನೆಯದರಲ್ಲಿ ರಾಜ್ಯಪಾಲರಿಗೂ ಈ ಅಧಿಕಾರವನ್ನು ಅವರು ತಿಳಿದೇ ಕೊಟ್ಟರು. ನ್ಯಾಯಸ್ಥಾನವು ಕೃತ್ಯವನ್ನು ನೋಡುತ್ತದೆ. ಕೃತ್ಯದ ಆಚೆಗೆ ಇರುವ ಮನುಷ್ಯನನ್ನು, ಅವನಲ್ಲಿ ಕಾಲವು ಮಾಡಿದ ಬದಲಾವಣೆಯನ್ನು ನೋಡುವುದಕ್ಕೆ ಇನ್ನೊಂದು ಕಣ್ಣು ಬೇಕು. ಆ ಕಣ್ಣನ್ನು ಮುಚ್ಚಿಕೊಂಡರೆ ನ್ಯಾಯದ ಬಲವೇನೂ ಹೆಚ್ಚುವುದಿಲ್ಲ.

ಕಾಲವು ತೀರ್ಪುಗಳನ್ನೂ ಬದಲಾಯಿಸುತ್ತದೆ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಸ್ವಾತಂತ್ರ್ಯದ ಕೋಲಾಹಲದ ನಡುವೆ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಕೊಲೆಯಾದರು. 1943ರ ಮಾರ್ಚಿಯಲ್ಲಿ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ನಾಲ್ಕು ವರ್ಷ ಕಳೆದು ದೇಶ ಸ್ವತಂತ್ರವಾಯಿತು. ಅದೇ ಐವರು ಹುತಾತ್ಮರಾದರು. ಪಾಲಾರಿನವರನ್ನು ಈಸೂರಿನವರಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ; ಉದ್ದೇಶಗಳು ಭೂಮ್ಯಾಕಾಶಗಳಷ್ಟು ದೂರ. ರಾಜ್ಯವು ಇಂದು ನಿಶ್ಚಯವೆಂದು ಹೇಳಿದ ಮಾತನ್ನು ನಾಳೆ ತಾನೇ ತಿದ್ದಿಕೊಳ್ಳಬೇಕಾಗುವುದೆಂದು ಮಾತ್ರ ತೋರಿಸುತ್ತಿದ್ದೇನೆ. ಜೀವಂತವಾಗಿರುವವನ ಮುಂದೆ ತಿದ್ದಿಕೊಳ್ಳಬಹುದು. ಸ್ಮಾರಕಶಿಲೆಯ ಮುಂದೆ ತಲೆಬಾಗಬಹುದೇ ಹೊರತು ತಿದ್ದಿಕೊಳ್ಳುವುದು ಹೇಗೆ?

ಹಗ್ಗವಿಲ್ಲದೆ ರಾಜ್ಯ ನಡೆಯದೆಂದು ಹೇಳುವವರು ನೆರೆಯನ್ನು ನೋಡಬಹುದು. ತಿರುವಾಂಕೂರು ಸಂಸ್ಥಾನವು 1944ರಲ್ಲಿ ಮರಣದಂಡನೆಯನ್ನು ತೆಗೆದುಹಾಕಿತು. ಭಾರತದ ಕಾನೂನು ಅಲ್ಲಿಗೆ ಬಂದಮೇಲೆಯೇ ಅದು ಮರಳಿತು. ಇನ್ನೂ ಹತ್ತಿರಕ್ಕೆ ಬಂದರೆ, ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ಸುಮಾರಿನಿಂದ ನೆಲಸಿರುವ ಟಿಬೆಟ್ಟಿನ ಜನರಿದ್ದಾರೆ. ಅವರ ಹದಿಮೂರನೆಯ ದಲಾಯಿ ಲಾಮಾ ಅವರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿಯೇ ತಮ್ಮ ನಾಡಿನಲ್ಲಿ ಈ ದಂಡನೆಯನ್ನು ನಿಲ್ಲಿಸಿದವರು. ನಾಡನ್ನು ಕಳೆದುಕೊಂಡು ಬಂದು ನಮ್ಮ ಜೋಳದ ಹೊಲಗಳ ಪಕ್ಕದಲ್ಲಿ ಬಾಳುತ್ತಿರುವವರು ಈ ಒಂದು ವಿಷಯದಲ್ಲಿ ನಮಗಿಂತ ನೂರು ವರ್ಷ ಮುಂದಿದ್ದರೆಂಬುದನ್ನು ನೆನೆಯುವುದು ನಮಗೆ ಒಳ್ಳೆಯದು.

ಕೊನೆಯದಾಗಿ, ಹಗ್ಗವು ಕೊರಳಿಗೆ ಬೀಳದಿದ್ದರೂ ಅದು ಮಾಡುವ ಕೆಲಸವನ್ನು ಮರೆಯಲಾಗದು. ಅತ್ಯಾಚಾರ ಮತ್ತು ಕೊಲೆಗಾಗಿ ಬೆಂಗಳೂರಿನಲ್ಲಿ 2006ರಲ್ಲಿ ಮರಣದಂಡನೆಗೆ ಗುರಿಯಾದ ಬಂದಿಯೊಬ್ಬನನ್ನು ಹಿಂಡಲಗಾ ಕಾರಾಗೃಹದಲ್ಲಿ ಹತ್ತು ವರ್ಷ ಒಂಟಿಯಾಗಿ ಕೂಡಿಹಾಕಿದ್ದರು. ಅವನ ಅಪರಾಧವನ್ನು ನೆನೆದರೆ ಮೈ ನಡುಗುತ್ತದೆ. ಆದರೂ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಈ ಏಕಾಂತವಾಸವು ಕಾನೂನಿಗೆ ವಿರುದ್ಧವಾದದ್ದೆಂದು ಹೇಳಿ, ಅವನ ಮರಣದಂಡನೆಯನ್ನು ಕನಿಷ್ಠ 30 ವರ್ಷಗಳ ಕಾರಾವಾಸವನ್ನಾಗಿ ಮಾರ್ಪಡಿಸಿತು. ಅದರ ಮುಂದಿನ ತಿಂಗಳಲ್ಲಿಯೇ, ಪಾಲಾರ್ ಪ್ರಕರಣದ ಜ್ಞಾನಪ್ರಕಾಶ್ ಶ್ವಾಸಕೋಶದ ಕ್ಯಾನ್ಸರಿನಿಂದ ನರಳುತ್ತ ಜಾಮೀನಿನ ಮೇಲೆ ಮೈಸೂರು ಕಾರಾಗೃಹದಿಂದ ಹೊರಗೆ ಬಂದನು. ಸೆರೆಯಲ್ಲಿ ಸುಮಾರು 29 ವರ್ಷಗಳು ಕಳೆದಿದ್ದವು. ಅವನು ಹೊರಗೆ ಬಂದುದರಿಂದ ಯಾವ ಊರೂ ನಡುಗಲಿಲ್ಲ, ಯಾವ ಕಾನೂನೂ ಕುಸಿಯಲಿಲ್ಲ.

ಹಿಂಡಲಗಾದಲ್ಲಿಯೂ ದೇಶದ ಬೇರೆ ಸೆರೆಮನೆಗಳಲ್ಲಿಯೂ ನೇಣಿನ ತೀರ್ಪನ್ನು ತಲೆಯ ಮೇಲೆ ಹೊತ್ತು ಕುಳಿತಿರುವವರು ಇಂದಿಗೂ ಇದ್ದಾರೆ. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯು ಕ್ಷಮಾದಾನದ ಅರ್ಜಿಯನ್ನು 30 ದಿನಗಳೊಳಗೆ ಕೊಡಬೇಕೆಂದು ವಿಧಿಸಿದೆ. ಅಕ್ಷರ ತಿಳಿಯದವನಿಗೆ, ವಕೀಲನನ್ನು ಹಿಡಿಯಲು ಹಣವಿಲ್ಲದವನಿಗೆ, ಊರಿನಲ್ಲಿ ತನ್ನವರೆನ್ನುವವರು ಉಳಿಯದವನಿಗೆ ಆ 30 ದಿನಗಳು ಬಹಳ ಚಿಕ್ಕವು. ಆ ಅರ್ಜಿಗಳನ್ನು ಓದತಕ್ಕ ಮಹನೀಯರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ: ಕೃತ್ಯದ ಘೋರತೆಯನ್ನು ನ್ಯಾಯಸ್ಥಾನವು ಆಗಲೇ ತೂಗಿದೆ, ತಾವು ಮನುಷ್ಯನನ್ನು ತೂಗಬೇಕು. ಜನರ ಕೂಗಿಗೆ ಅಂಜಿ ಅರ್ಜಿಯನ್ನು ತಳ್ಳುವುದೂ ಬೆದರಿಕೆಗೆ ಅಂಜಿ ಬಾಗಿಲನ್ನು ತೆರೆಯುವುದೂ ಒಂದೇ ಅಂಜಿಕೆಯ ಎರಡು ಮುಖಗಳು.

ಆ ಕೂಗು ನಮ್ಮದೇ ಆದುದರಿಂದ ನಮಗೂ ಒಂದು ಕರ್ತವ್ಯವುಂಟು. ಮುಂದೆ ಎಂದಾದರೂ ಒಬ್ಬ ಬಂದಿಯ ಅರ್ಜಿಯ ಸುದ್ದಿ ವೃತ್ತಪತ್ರಿಕೆಯಲ್ಲಿ ಬಂದಾಗ, ಚಾವಡಿಯಲ್ಲಿ ಕುಳಿತು ಹಗ್ಗವೇ ಸರಿಯೆಂದು ಹೇಳುವ ಮುನ್ನ, ಹಾಗೆ ಹೇಳಿಸುತ್ತಿರುವುದು ನ್ಯಾಯವೋ ಭಯವೋ ಎಂದು ಒಂದು ಗಳಿಗೆ ನಮ್ಮನ್ನು ನಾವೇ ಕೇಳಿಕೊಳ್ಳೋಣ. ಅಭಯವನ್ನು ಪಡೆದ ನಾಡು ಮಾತ್ರವೇ ಅಭಯವನ್ನು ಕೊಡಬಲ್ಲದು.